ಪಾಲಿಶ್ ಹಾಕಿದ ತಾವರೆ ಬೀಜ

“ನಿಲ್ಲಿಸಿ! ಸಾಕು, ನಿಲ್ಲಿಸಿ!”

ಅವಳು ಅವನ ಬೆರಳುಗಳಿಂದ ಬೀಜ ಕಿತ್ತುಕೊಂಡಳು. ಗಡಿಯಾರ ರಿಪೇರಿಯವನು ಉಜ್ಜುತ್ತಿದ್ದ ಅರವನ್ನು ಮೇಜಿನ ಮೇಲಿಟ್ಟು, ಕಣ್ಣಿಗೆ ಸಿಕ್ಕಿಸಿಕೊಂಡಿದ್ದ ಭೂತಗನ್ನಡಿಯನ್ನು ತೆಗೆಯದೆಯೇ ಅವಳನ್ನು ನೋಡಿದ. ಆ ಒಂದು ಕಣ್ಣು ಮಾತ್ರ ಗಾಬರಿಬಿದ್ದ ಮೀನಿನ ಕಣ್ಣಿನಷ್ಟು ದೊಡ್ಡದಾಗಿತ್ತು.

“ಒಂದು ತುದಿ ಸವೆಸಿ ಅಂದಿದ್ದೆ. ನೀರು ಒಳಗಿಳಿಯೋಕೆ ಒಂಚೂರು ಜಾಗ. ಅಷ್ಟೇ!”

“ಒಂದೇ ಕಡೆ ಉಜ್ಜಿದ್ರೆ ಚೆನ್ನಾಗಿ ಕಾಣ್ಲಿಲ್ಲ. ಅದಕ್ಕೆ ಸುತ್ತಲೂ...”

ತಟ್ಟೆಯಲ್ಲಿ ತಾವರೆ ಬೀಜಗಳು ಮಣಿಗಳಂತೆ ಹೊಳೆಯುತ್ತಿದ್ದವು. ಕಲ್ಲಿನಂಥ ಕಪ್ಪು ಸಿಪ್ಪೆ ಪೂರ್ತಿ ಮಾಯ. ಇಷ್ಟು ಬರಿಮೈಯಾದ ಬೀಜ ಮೊಳೆಯುವ ಮೊದಲೇ ನೀರಿನಲ್ಲಿ ಕೊಳೆಯುತ್ತದೆ. ಬೇರೆ ತರೋಣವೆಂದರೆ ತಾವರೆಯಿದ್ದ ಕೊಳವೇ ಈಗ ಇಲ್ಲ. ಕಾರು ನಿಲ್ಲಿಸಲು ಜಾಗ ಬೇಕೆಂದು ಮಣ್ಣು ತುಂಬಿದ್ದರು. ಅದಕ್ಕೆ ಮುಂಚೆ ಅವಳೂ ಸೋದರತ್ತೆಯೂ ಎದೆಮಟ್ಟದ ನೀರಿಗಿಳಿದು, ಒಣಗಿ ತಲೆಬಾಗಿದ್ದ ಕಾಯಿಗಳನ್ನು ಕೊಯ್ದು ತಂದಿದ್ದರು. ಅಮ್ಮ ನೆಟ್ಟ ತಾವರೆ. ಅಮ್ಮ ಈಗಿಲ್ಲ.

“ಅಳಬೇಡಿ,” ಅಂದ.

“ಅಳ್ತಿಲ್ಲ. ಬೈಯೋಕೆ ಮಾತು ಹುಡುಕ್ತಿದ್ದೀನಿ.”

ಮರುದಿನ ಬೆಳಿಗ್ಗೆ ಅವನು ಅವಳ ಗಿಡಗಳ ನರ್ಸರಿಯ ಬಾಗಿಲಲ್ಲಿದ್ದ. ಕೊಳೆಯದಂತೆ ಏನು ಮಾಡಬೇಕು ಎಂದು ಕೇಳಿದ. ಬಿಸಿಲು, ಬೆಚ್ಚಗಿನ ನೀರು, ಅದನ್ನೂ ಆಗಾಗ ಬದಲಾಯಿಸಬೇಕು. ಮುಖ ನೋಡದೆ ಹೇಳಿದಳು.

ಅಂದಿನಿಂದ ಅಂಗಡಿ ತೆರೆಯುವ ಮೊದಲೊಮ್ಮೆ, ಮುಚ್ಚಿದ ಮೇಲೊಮ್ಮೆ ಬಂದ. ಜಾಡಿಯ ಮಬ್ಬಾದ ನೀರು ಚೆಲ್ಲಿ, ಲೋಳೆಗಟ್ಟಿದ ಬೀಜವನ್ನು ಚಿಮಟದಲ್ಲಿ ಹೆಕ್ಕಿ, ಉಳಿದವನ್ನು ಹೊಸ ನೀರಿಗೆ ಬಿಡುತ್ತಿದ್ದ. ಒಂದೊಂದನ್ನು ಎಸೆಯುವಾಗಲೂ ಅವಳ ಕಡೆ ನೋಡುತ್ತಿದ್ದ. ಆ ಹೊತ್ತಿಗೆ ಅವಳಿಗೂ ಅಲ್ಲೇ ಏನಾದರೊಂದು ಕೆಲಸವಿರುತ್ತಿತ್ತು.

“ನೀರು ಬದಲಾಯಿಸೋಕೆ ತಲೆ ಬಾಚ್ಕೊಂಡು ಬರ್ಬೇಕೇನಪ್ಪಾ?” ಕಿಟಕಿಯಿಂದ ಅತ್ತೆ.

“ಬೀಜಕ್ಕೊಂದು ಮರ್ಯಾದೆ ಬೇಡ್ವಾ ಅತ್ತೆ?”

“ಅತ್ತೆಯಂತೆ! ಇದು ಯಾವಾಗಿಂದ?”

ಅವಳು ಬಗ್ಗಿ ಖಾಲಿ ಕುಂಡದಲ್ಲಿ ಏನೋ ಹುಡುಕಿದಳು. ಕಿವಿ ಬಿಸಿಯಾಗಿತ್ತು.

ಜಾಡಿಯಲ್ಲಿ ಕೊನೆಗೆ ಒಂದೇ ಬೀಜ ಉಳಿಯಿತು. ಅವಳು ಅದರ ಕಡೆ ನೋಡುವುದನ್ನೇ ಬಿಟ್ಟಳು.

“ಇಲ್ಬನ್ನಿ! ಬೇಗ!” ಒಂದು ಬೆಳಿಗ್ಗೆ ಅವನು ಕೂಗಿದ.

ಬೀಜ ಬಿರಿದು, ಕೊಕ್ಕೆಯಂತೆ ಬಾಗಿದ ಹಸಿರು ಚಿಗುರು ಹೊರಗೆ ಇಣುಕಿತ್ತು. ಅವಳು ನೆಲದ ಮೇಲೇ ಕುಳಿತುಬಿಟ್ಟಳು. ಎಷ್ಟೋ ದಿನದಿಂದ ಎದೆಯಲ್ಲಿ ಸಿಕ್ಕಿಕೊಂಡಿದ್ದ ಉಸಿರು ನಗುವಾಗಿ ಹೊರಬಂತು. ಅವನೂ ಪಕ್ಕದಲ್ಲಿ ಕುಳಿತ. ಇಬ್ಬರೂ ಸುಮ್ಮಸುಮ್ಮನೆ ನಕ್ಕರು.

ಎಲೆ ಬಿಚ್ಚಿದ ದಿನ, ಅಗಲವಾದ ತೊಟ್ಟಿಯ ಜೇಡಿಮಣ್ಣಿನಲ್ಲಿ ಅದನ್ನು ಊರಿದರು. ಕೆಸರಿನೊಳಗೆ ಅವನ ಬೆರಳು ಅವಳ ಬೆರಳಿಗೆ ತಾಗಿತು. ಇಬ್ಬರೂ ತೆಗೆಯಲಿಲ್ಲ.

“ಕ್ಷಮಿಸಿದ್ದೀನಿ,” ಎಂದಳು. “ಇನ್ನು ದಿನಾ ಬರೋ ಕಷ್ಟ ಬೇಡ. ನಾನೇ ನೋಡ್ಕೋತೀನಿ.” ಹೇಳುವಾಗಲೂ ಬೆರಳು ಅಲ್ಲೇ ಇತ್ತು.

“ತಪ್ಪಾಯ್ತು ಅಂತ ಬಂದಿದ್ದು ಮೊದಲ್ನೇ ದಿನ ಮಾತ್ರ.”

“ಮಿಕ್ಕ ದಿನ?”

“ನೀವಿದ್ರಲ್ಲ.”

ತೊಟ್ಟಿಯ ನೀರು ನಿಧಾನವಾಗಿ ತಿಳಿಯಾಗುವುದನ್ನು ಅವಳು ನೋಡಿದಳು. ಆಮೇಲೆ, ತುಟಿಯಂಚಿನ ನಗುವನ್ನು ಬಚ್ಚಿಡುತ್ತ ಹೇಳಿದಳು:

“ಹಾಗಾದ್ರೆ ಭಾನುವಾರ ಒಂದಿನನಾದ್ರೂ ರಜಾ ತಗೊಳ್ಳಿ.”

“ತಗೊಳ್ಳಲ್ಲ,” ಅಂದ.