ಹಿಂದಿರುಗಿ ನೋಡಿದ ದೇವೀರಿ

ಬಹಳ ಹಿಂದೆ, ನಮ್ಮ ಅಜ್ಜಿಯರ ಅಜ್ಜಿಯರೂ ಹುಟ್ಟುವ ಮುಂಚೆ, ಮೂಡಲಗಿರಿ ಎಂಬ ರಾಜ್ಯವಿತ್ತು. ಅದರ ಅಂಚಿನ ಕಾಡಿನಲ್ಲಿ ಕಾಳಕೇತು ಎಂಬ ಮಾಂತ್ರಿಕನಿದ್ದ. ಕಾಡಿನ ಬಾಯಲ್ಲಿ ಅವನು ಮಾತಾಡುವ ಹುಲಿಯನ್ನು ಕೂರಿಸಿದ್ದ.

"ಒಳಗೆ ಹೋಗಿ, ಬೇಡ ಅನ್ನುವುದಿಲ್ಲ. ಹಿಂದಿರುಗಿ ನೋಡಿದರೆ ಮಾತ್ರ ಕಲ್ಲಾಗುತ್ತೀರಿ" ಎನ್ನುತ್ತಿತ್ತು ಹುಲಿ. ಹುಲಿಗೆ ಎದುರಾಡುವವರು ಯಾರು? ಹೋದವರು ಯಾರೂ ಮರಳಲಿಲ್ಲ. ರಾಜನ ಸವಾರರೂ ಮರಳಲಿಲ್ಲ.

ಆಡು ಕಾಯುವ ದೇವೀರಿಯ ಗಂಡ ಸಣ್ಣೀರ, ಮನೆಯಲ್ಲೇ ಕೂತು ಚಾಪೆ ಹೆಣೆಯುವವನು. ಒಂದು ದಿನ ತಪ್ಪಿಸಿಕೊಂಡ ಹೋತವನ್ನು ಹುಡುಕುತ್ತ ಆ ಕಾಡು ಹೊಕ್ಕ. ಸಂಜೆಗೆ ಹೋತ ಮನೆಗೆ ಬಂತು, ಸಣ್ಣೀರ ಬರಲಿಲ್ಲ. ಮೂರು ದಿನ ಕಾದ ದೇವೀರಿ ಬುತ್ತಿ ಕಟ್ಟಿಕೊಂಡು ಹೊರಟಳು.

ಹುಲಿಯ ಮಾತಿಗೆ ಅವಳೂ ತಲೆಯಾಡಿಸಿದಳು. ಆದರೆ ಆಡು ಕಾಯುವವರ ಕತ್ತು ಹೇಳಿದ ಮಾತು ಕೇಳುತ್ತದೆಯೇ? ತಿರುವು ಬಂದಲ್ಲೆಲ್ಲ, ಮರಿ ಹಿಂದೆ ಉಳಿಯಿತೇ ಎಂದು ನೋಡಿ ನೋಡಿ ಅದಕ್ಕೆ ರೂಢಿ. ಮೊದಲ ತಿರುವಿನಲ್ಲೇ ತಿರುಗಿಬಿಟ್ಟಿತು. ದೇವೀರಿ ಕಣ್ಣು ಮುಚ್ಚಿ ಕಲ್ಲಾಗಲು ಕಾದಳು. ಆಗಲಿಲ್ಲ. ತೊಡೆ ಚಿವುಟಿಕೊಂಡಳು, ಚುರ್ ಎಂದಿತು. ಹೋದ ಜೀವ ಬಂದಂತಾಯಿತು. ಕಣ್ಣು ಬಿಟ್ಟರೆ, ಬರುವಾಗ ಮಾಮೂಲಿಯಾಗಿದ್ದ ಆಲದ ಮರಕ್ಕೆ ಈ ಕಡೆಯಿಂದ ದೊಡ್ಡ ಪೊಟರೆ.

ಎರಡನೆಯ ತಿರುವಿನಲ್ಲಿ ಬೇಕೆಂದೇ ನೋಡಿದಳು. ಕರಿಬಂಡೆಯ ಬೆನ್ನಿಗೆ ಬಿಳಿ ಗೆರೆಯಿತ್ತು. ಮೂರನೆಯದರಲ್ಲಿ, ಒಂದೇ ಎಂದುಕೊಂಡಿದ್ದ ತಾಳೆಮರ ಎರಡಾಗಿ ನಿಂತಿತ್ತು.

"ಹೋಗೋ ದಾರಿ ಮುಖಾನೇ ಬೇರೆ, ಬರೋ ದಾರಿ ಮುಖಾನೇ ಬೇರೆ" ಎಂದುಕೊಂಡಳು.

ಕಾಡಿನ ನಡುವೆ, ಹೋದ ಜನರೆಲ್ಲ ಮಾಂತ್ರಿಕನ ಹೊಲ ಅಗೆಯುತ್ತಿದ್ದರು. ಸಣ್ಣೀರ ಸೊರಗಿದ್ದ.

"ನಡಿ, ಮನೆಗೋಗಾನ" ಎಂದಳು ದೇವೀರಿ.

"ಬಂದ ದಾರೀಲೇ ಹೊರಟರೂ ಎಲ್ಲಾ ಹೊಸ ಜಾಗ ಕಂಡಂಗಾಯ್ತದೆ ಕಣಮ್ಮಿ. ಸುತ್ತಿ ಸುತ್ತಿ ಇಲ್ಲಿಗೇ ಬಂದು ಬೀಳ್ತೀನಿ."

"ನೀನು ಹಿಂದಕ್ಕೆ ತಿರುಗಿ ನೋಡಿದ್ರೆ ತಾನೆ!"

ಅಷ್ಟರಲ್ಲಿ ಕಾಳಕೇತು ಹೊಗೆಯೊಳಗಿಂದ ಬಂದ. "ಹಿಂದಿರುಗಿ ನೋಡಿದೆಯಾ? ಈಗ ಕಲ್ಲಾಗು!"

"ಮೂರು ಸಲ ನೋಡಿವ್ನಿ ಸ್ವಾಮಿ. ಕತ್ತು ನೋಯ್ತಾ ಅದೆ. ಕಲ್ಲಿಗೆ ಕತ್ತು ನೋಯ್ತದಾ?"

ಜನ ಗುದ್ದಲಿ ಕೆಳಗಿಟ್ಟರು. ಯಾರೋ ನಕ್ಕರು, ಆಮೇಲೆ ಎಲ್ಲರೂ ನಕ್ಕರು. ತನ್ನ ಸುಳ್ಳು ಬಯಲಾದ ದಿನ ತಾನೇ ಕಲ್ಲಾಗಬೇಕೆಂಬ ಶಾಪ ಕಾಳಕೇತುವಿಗಿತ್ತು. ಪಾದದಿಂದ ಜುಟ್ಟಿನವರೆಗೆ ಕಲ್ಲಾದ. ಹುಲಿ ಮಾತು ಮರೆತು ಜಿಂಕೆಯ ಹಿಂದೆ ಓಡಿತು.

ಜೋಡಿ ತಾಳೆ, ಬಿಳಿ ಗೆರೆ, ಪೊಟರೆ ಎನ್ನುತ್ತ ದೇವೀರಿ ಮುಂದೆ ನಡೆದಳು, ರಾಜನ ಸವಾರರೂ ಅವಳ ಹಿಂದೆ ಆಡುಗಳಂತೆ ಬಂದರು. ಪ್ರತಿ ತಿರುವಿನಲ್ಲೂ ಅವಳು ಹಿಂದಿರುಗಿ ನೋಡುತ್ತಿದ್ದಳು.

"ದಾರಿ ಸಿಕ್ತಲ್ಲ, ಇನ್ಯಾಕೆ ನೋಡ್ತೀಯೆ?" ಎಂದ ಸಣ್ಣೀರ.

"ನೀನು ಬತ್ತಾ ಇದ್ದೀಯಾ ಅಂತ" ಎಂದಳು.

ಕಾಳಕೇತು ಆದ ಆ ಕಲ್ಲಿಗೆ ಮೂಡಲಗಿರಿಯ ಆಡುಗಳು ಇಂದಿಗೂ ಮೈ ಉಜ್ಜುತ್ತವೆ. ಅವರೆಲ್ಲ ಸುಖವಾಗಿ ಬಾಳಿದರು, ಕೇಳಿದ ನಮ್ಮ ಹೊಟ್ಟೆಯೂ ತಣ್ಣಗಾಯಿತು.