ಅವನು ಹತ್ತದ ಸೈಕಲ್ಲು

"ಇದು ಕದ್ದಿದ್ದಲ್ಲ ತಾನೇ?"

ಹೇಮಶ್ರೀ ಅವನೊಂದಿಗೆ ಆಡಿದ ಮೊದಲ ಮಾತೇ ಇದು.

ಜಯನಗರದ ತನ್ನ ಮನೆಯ ಗೇಟಿನ ಮುಂದೆ ಅವನು ಮಾರಲೆಂದು ವಿಚಿತ್ರವಾದ ಸೈಕಲ್ಲೊಂದನ್ನು ಹಿಡಿದು ನಿಂತಿದ್ದ. ಆರಾಮ ಕುರ್ಚಿಗೆ ಎರಡು ಚಕ್ರ ಸಿಕ್ಕಿಸಿದಂತಿತ್ತು ಅದು. ಪೆಡಲ್ಲು ಮುಂದಿನ ಚಕ್ರಕ್ಕಿಂತಲೂ ಮುಂದೆ. ಚೈನೂ ಮುಂದಿನ ಚಕ್ರಕ್ಕೇ. ಬೆನ್ನು ಒರಗಿಸಿ ಕೂತು, ಕಾಲು ಚಾಚಿ ತುಳಿಯಬೇಕು.

"ಕದ್ದಿದ್ದಲ್ಲ ಮೇಡಂ. ನನ್ನ ಫ್ರೆಂಡ್‌ದು," ಎಂದ ಅವನು.

"ಬಿಲ್ ಇದೆಯಾ?"

"ಬಿಲ್... ಇಲ್ಲ."

"ಯಾವ ಕಂಪನಿ?"

"ಅದೂ ಬರೆದಿಲ್ಲ."

ಉತ್ತರ ಹೇಳುವಾಗ ಅವನು ನೆಲ ನೋಡಿದ. ಹೇಮಶ್ರೀ ಅದನ್ನು ಗಮನಿಸಿದಳು.

ಜೆ.ಪಿ. ನಗರದಲ್ಲಿ ಅವಳದ್ದು ಮೆಡಿಕಲ್ ಸ್ಟೋರು. ಬ್ಯಾಚ್ ನಂಬರ್ ಇಲ್ಲದ ಮಾತ್ರೆಯನ್ನು ಕೈಯಿಂದಲೂ ಮುಟ್ಟುವವಳಲ್ಲ. ಅಂಥವಳು ಹೆಸರಿಲ್ಲದ ಸೈಕಲ್ಲೊಂದನ್ನು ಕೊಳ್ಳಲು ಬಂದಿದ್ದಳು ಎಂದರೆ ಅದಕ್ಕೆ ಕಾರಣವಿತ್ತು.

ಎರಡು ವರ್ಷದ ಹಿಂದಿನವರೆಗೂ ಭಾನುವಾರ ಬೆಳಗಾದರೆ ಕನಕಪುರ ರಸ್ತೆಯಲ್ಲಿ ಐವತ್ತು ಕಿಲೋಮೀಟರ್ ತುಳಿದು ಬರುತ್ತಿದ್ದವಳು ಅವಳು. ಒಂದು ದಿನ ಸ್ಕೂಟರಿನಿಂದ ಬಿದ್ದು ಸೊಂಟದ ಡಿಸ್ಕ್ ಜರುಗಿತು. "ಬಗ್ಗಿ ತುಳಿಯೋ ಸೈಕಲ್ ಮರೆತುಬಿಡಮ್ಮ," ಎಂದರು ಡಾಕ್ಟರು.

ಆಗ ಅವಳಿಗೆ ಮದುವೆ ಗೊತ್ತಾಗಿತ್ತು. ಆ ಹುಡುಗ "ಅದೆಲ್ಲ ಏನೂ ಪರವಾಗಿಲ್ಲ" ಎನ್ನುತ್ತಲೇ ಅವಳ ಸ್ಕ್ಯಾನ್ ರಿಪೋರ್ಟನ್ನು ಗುಟ್ಟಾಗಿ ಮೂವರು ಡಾಕ್ಟರಿಗೆ ಕಳಿಸಿ ವಿಚಾರಿಸಿದ್ದ. ಆಮೇಲೆ ಫೋನ್ ಎತ್ತುವುದನ್ನೇ ನಿಲ್ಲಿಸಿದ.

ಅಂದಿನಿಂದ ಯಾರಾದರೂ ಮೆತ್ತಗೆ ಮಾತಾಡಿದರೆ ಸಾಕು, ಅವಳಿಗೆ ಮೊದಲು ಹುಟ್ಟುವುದು ಅನುಮಾನವೇ.

"ಇದನ್ನ ಕಲಿಯೋದು ಕಷ್ಟ," ಎಂದ ಅವನು. "ಬೇಕಿದ್ರೆ ಭಾನುವಾರ ಬೆಳಗ್ಗೆ ಬಂದು ಹೇಳಿಕೊಡ್ತೀನಿ. ಇಲ್ಲೇ ಹೈಸ್ಕೂಲಲ್ಲಿ ಸೈನ್ಸ್ ಮೇಷ್ಟ್ರು ನಾನು. ಸುಶ್ರುತ ಅಂತ."

"ನಿಮಗೇನು ಲಾಭ?"

"ತಗೊಂಡೋರು ಮೂಲೇಲಿ ನಿಲ್ಲಿಸಿಬಿಟ್ರೆ ಬೇಜಾರಾಗುತ್ತೆ. ಅಷ್ಟೇ."

*ಅಷ್ಟೇನಾ...?*

ಹೇಮಶ್ರೀಯ ಯಡಿಯೂರಿನ ಮನೆಗೆ ಸೈಕಲ್ಲು ಬಂದಾಗ ಅಪ್ಪ ಕೆಂಪರಾಜು ಅದರ ಸುತ್ತ ಎರಡು ಸುತ್ತು ಹಾಕಿದರು.

"ಮಾರಿದ ಮೇಲೂ ಬೆನ್ನು ಬಿಡದೆ ಬರ್ತಾನೆ ಅಂದ್ರೆ ಏನೋ ಇದೆ ಕಣಮ್ಮ. ಹುಷಾರು."

"ಗೊತ್ತಪ್ಪ. ನಾನೂ ನೋಡ್ತಾನೇ ಇದೀನಿ."

ಭಾನುವಾರ ಬೆಳಗ್ಗೆ ಆರಕ್ಕೆ, ಯಡಿಯೂರು ಕೆರೆಯ ಹಿಂದಿನ ರಸ್ತೆಯಲ್ಲಿ ಪಾಠ ಶುರುವಾಯಿತು.

"ಇದರಲ್ಲಿ ಪೆಡಲ್ಲು, ಹ್ಯಾಂಡಲ್ಲು, ಚಕ್ರ ಮೂರೂ ಒಟ್ಟಿಗೆ ತಿರುಗುತ್ತೆ," ಎಂದು ವಿವರಿಸಿದ ಸುಶ್ರುತ. "ಬಲಗಾಲಲ್ಲಿ ಒತ್ತಿದ್ರೆ ಚಕ್ರ ಎಡಕ್ಕೆ ಹೊರಳುತ್ತೆ. ಆಗ ಬಲಗೈಯಲ್ಲಿ ಚೂರು ಎಳ್ಕೋಬೇಕು. ಮೊದಲು ಪೆಡಲ್ ಮುಟ್ಟಲೇಬೇಡಿ. ಇಳಿಜಾರಲ್ಲಿ ಕಾಲು ಇಳಿಬಿಟ್ಟು ಸುಮ್ನೆ ಉರುಳಿಸಿ."

ಅವಳು ಉರುಳಿದಳು. ಸೈಕಲ್ಲು ಹಾವಿನ ಹಾಗೆ ಅತ್ತಿತ್ತ ಹೊರಳಿತು. ಇಪ್ಪತ್ತು ವರ್ಷ ಸೈಕಲ್ ತುಳಿದ ಕೈಕಾಲಿಗೆ ಏನೂ ಗೊತ್ತಿಲ್ಲದಂತಾಯಿತು.

ಅವನು ಪಕ್ಕದಲ್ಲೇ ಓಡುತ್ತಿದ್ದ. ಅವಳು ವಾಲಿದಾಗಲೆಲ್ಲ ಸೀಟಿನ ಬೆನ್ನನ್ನು ಹಿಡಿಯುತ್ತಿದ್ದ. ಅವಳನ್ನು ಮಾತ್ರ ಒಮ್ಮೆಯೂ ಮುಟ್ಟಲಿಲ್ಲ.

ಎರಡನೆಯ ಭಾನುವಾರ ಒಂದೇ ಕಾಲಲ್ಲಿ ತುಳಿದಳು. ಮೂರನೆಯ ಭಾನುವಾರ ಎರಡೂ ಕಾಲು. ಆದರೆ ಹತ್ತು ಗಜ ದಾಟುತ್ತಲೇ ಇರಲಿಲ್ಲ.

"ನೀವೊಂದ್ಸಲ ಓಡಿಸಿ ತೋರಿಸಿ," ಎಂದಳು.

"ನಾನಾ? ಇವತ್ತು... ಪ್ಯಾಂಟ್ ಟೈಟಾಗಿದೆ."

ಮುಂದಿನ ವಾರ ಕೇಳಿದಾಗ ಕಾಲು ಉಳುಕಿತ್ತು. ಅದರ ಮುಂದಿನ ವಾರ ಅವಳು ಬೇರೆ ಏನನ್ನೋ ಕೇಳಿದಳು.

"ನಿಮ್ಮ ಫ್ರೆಂಡ್ ಹೆಸರೇನು?"

"ಚಿರಂತ್."

"ಮೊನ್ನೆ ಕಿಟ್ಟಿ ಅಂದಿದ್ರಿ."

"ಮನೇಲಿ... ಕಿಟ್ಟಿ ಅಂತಾರೆ."

ಅವನ ಕಿವಿ ಕೆಂಪಾಯಿತು. *ಸುಳ್ಳು!* ಎಂದಿತು ಅವಳ ಮನಸ್ಸು. ಈ ಮನುಷ್ಯ ತಾನು ಮಾರಿದ ಸೈಕಲ್ಲಿನ ಮೇಲೆ ಯಾಕೆ ಕೂರುವುದಿಲ್ಲ? ಅದಕ್ಕೆ ಏನಾಗಿದೆ ಎಂದು ಇವನಿಗೆ ಗೊತ್ತಿದೆಯೇ?

ಅಷ್ಟಾದರೂ ಶನಿವಾರ ಬಂದರೆ ಅವಳು ಅಲಾರಂ ಇಡುವುದನ್ನು ಮರೆಯುತ್ತಿರಲಿಲ್ಲ. ಅದು ಸೈಕಲ್ಲಿಗಾಗಿ ಮಾತ್ರ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಅವಳೂ ಒಂದು ವಿಷಯ ಮುಚ್ಚಿಟ್ಟಿದ್ದಳು. ಪೆಡಲ್ಲು ದೂರವಿತ್ತು. ಕಾಲು ಪೂರ್ತಿ ಚಾಚಿದಾಗ ಸೊಂಟ ಜಾರಿ, ಎಡಗಡೆ ಚಳಕು ಹೊಡೆಯುತ್ತಿತ್ತು. ಹೇಳಿದರೆ ಇವನೂ "ಇನ್ನು ಸಾಕು ಬಿಡಿ" ಎಂದುಬಿಟ್ಟರೆ? ಹಲ್ಲು ಕಚ್ಚಿ ಸುಮ್ಮನಿದ್ದಳು.

ಆರನೆಯ ಭಾನುವಾರ ಸುಶ್ರುತ, "ಒಂದು ವಾರ ಸೈಕಲ್ ಕೊಡಿ ಮೇಡಂ. ಡಿಸ್ಕ್ ಬ್ರೇಕ್ ಹಾಕಿಸ್ತೀನಿ, ಹ್ಯಾಂಡಲ್ ಸ್ವಲ್ಪ ಅಗಲ ಮಾಡಿಸ್ತೀನಿ. ಹಿಡಿತ ಸಿಗುತ್ತೆ," ಎಂದ.

ಕೊಡುವ ಮುನ್ನ ಅವಳು ಅದರ ಹದಿನಾರು ಫೋಟೋ ತೆಗೆದಿಟ್ಟುಕೊಂಡಳು. ಏನನ್ನಾದರೂ ಬದಲಾಯಿಸಿಬಿಟ್ಟರೆ ಎಂದು.

ಶನಿವಾರ ಸಂಜೆ ಸೈಕಲ್ಲು ತಿರುಗಿ ಬಂತು. ಮರುದಿನ ಕೂತು ತುಳಿದಳು. ಹತ್ತು ಗಜ... ಐವತ್ತು... ನೂರು. ಚಕ್ರ ನೇರ ಓಡಿತು. ಸೊಂಟ ಸುಮ್ಮನಿತ್ತು. ರಸ್ತೆಯ ತುದಿಯಲ್ಲಿ ತಿರುಗಿ, ಪೂರ್ತಿ ಒಂದು ಸುತ್ತು ಹಾಕಿ ಬಂದಾಗ ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು.

ಏದುಸಿರು ಬಿಡುತ್ತ ನಿಂತಿದ್ದ ಸುಶ್ರುತನ ಕಣ್ಣೂ ಒದ್ದೆಯಾಗಿತ್ತು.

*ಇವನ ಕಣ್ಣಲ್ಲಿ ಯಾಕೆ ನೀರು?*

ಅಂದು ಮಧ್ಯಾಹ್ನ ಸೈಕಲ್ಲು ಒರೆಸುವಾಗ ಅವಳ ಬೆರಳಿಗೆ ಒಂದು ಉಬ್ಬು ತಾಗಿತು. ಪೆಡಲ್ಲನ್ನು ಹೊತ್ತ ಪೈಪಿನಲ್ಲಿ, ಹೊಸ ಕಪ್ಪು ಬಣ್ಣದ ಅಡಿಯಲ್ಲಿ, ಸುತ್ತಲೂ ವೆಲ್ಡಿಂಗ್.

ಹದಿನಾರು ಫೋಟೋಗಳನ್ನೂ ತೆಗೆದು ನೋಡಿದಳು; ಯಾವುದರಲ್ಲೂ ಅದಿರಲಿಲ್ಲ. ಮುರಿದ ಪೈಪು. ಅದನ್ನು ಅಂಟಿಸಿ, ಬಣ್ಣ ಬಳಿದು ಮುಚ್ಚಿದ್ದಾನೆ. ವೇಗದಲ್ಲಿದ್ದಾಗ ಇದು ಕಳಚಿದರೆ ತಾನು ಮತ್ತೆ ಏಳುವುದುಂಟೇ?

ಫೋನ್ ಮಾಡಿದಳು. "ಮುಂದಿನ ಪೈಪಲ್ಲಿ ವೆಲ್ಡಿಂಗ್ ಇದೆ. ನನಗೆ ಯಾಕೆ ಹೇಳಲಿಲ್ಲ?"



"ಮೇಡಂ, ನಾನು ಬಂದು ಎಲ್ಲ ಹೇಳ್ತೀನಿ..."

"ಬೇಡ. ಇನ್ಮೇಲೆ ನೀವು ಬರಲೇಬೇಡಿ."

ಸ್ವಲ್ಪ ಹೊತ್ತಿಗೆ ಮೆಸೇಜ್ ಬಂತು. ವಿಲ್ಸನ್ ಗಾರ್ಡನ್‌ನ ಒಂದು ವರ್ಕ್‌ಶಾಪಿನ ವಿಳಾಸ. ಕೆಳಗೆ ಒಂದೇ ಸಾಲು: 'ನನ್ನ ಮಾತು ನಂಬಬೇಡಿ. ಮುತ್ತುರಾಜ ಅವರನ್ನ ಕೇಳಿ.'

ಇಬ್ಬರೂ ಸೇರಿಕೊಂಡಿದ್ದರೆ? ಅವಳು ಯಾರಿಗೂ ಮೊದಲೇ ತಿಳಿಸದೆ, ಬುಧವಾರ ಗೂಡ್ಸ್ ಆಟೋದಲ್ಲಿ ಸೈಕಲ್ಲು ಹಾಕಿಸಿಕೊಂಡು ಹೋದಳು.

ಐವತ್ತು ದಾಟಿದ ಮುತ್ತುರಾಜ ಕನ್ನಡಕ ಹಣೆಗೇರಿಸಿ ಆಟೋದೊಳಗೆ ಇಣುಕಿದ.

"ಓ, ನಮ್ ಮೇಷ್ಟ್ರ ಸೈಕಲ್ಲು. ಏನಾಯ್ತಕ್ಕ, ವೆಲ್ಡಿಂಗ್ ಬಿಡ್ತಾ?"

"ಮೇಷ್ಟ್ರದ್ದಾ? ಅವರ ಫ್ರೆಂಡ್‌ದಲ್ವಾ?"

"ಯಾವ ಫ್ರೆಂಡು? ಎರಡು ವರ್ಷ ಶನಿವಾರ ಶನಿವಾರ ಇಲ್ಲೇ ಕೂತು ಕಟ್ಟಿದ್ರು. ಒಂದೊಂದು ಪೈಪೂ ಅವರೇ ಅಳತೆ ಹಾಕಿದ್ದು."

"ಪೈಪ್ ಯಾವಾಗ ಮುರೀತು?"

"ಯಾರಾದ್ರೂ ಓಡಿಸಿದ್ರೆ ತಾನೇ ಮುರಿಯೋಕೆ? ಮೇಷ್ಟ್ರು ಮೊದಲ್ನೇ ದಿನಾನೇ ಬಿದ್ದು ಕಾಲರ್ ಬೋನ್ ಮುರ್ಕೊಂಡ್ರು. ಆಮೇಲೆ ಹತ್ತಲೇ ಇಲ್ಲ." ಮುತ್ತುರಾಜ ಪೈಪಿನ ಮೇಲೆ ಕೈಯಾಡಿಸಿದ. "ಇದನ್ನ ಹೋದ ವಾರ ನಾನೇ ಕಡಿದಿದ್ದು, ಎರಡಿಂಚು. 'ಮುತ್ತಣ್ಣ, ಪೆಡಲ್ ಅವರಿಗೆ ದೂರ ಆಗ್ತಿದೆ, ಸೊಂಟ ನೋಯ್ತಿದೆ, ಬಾಯಿ ಬಿಟ್ಟು ಹೇಳ್ತಿಲ್ಲ' ಅಂದ್ರು. ಒಳಗಡೆ ಇನ್ನೊಂದು ಪೈಪ್ ಕೂರಿಸಿ ಬೆಸೆದಿದೀನಿ. ಇಬ್ರೂ ಮೇಲೆ ನಿಂತು ನೋಡಿದ್ವಿ. ಅಲ್ಲಾಡಲಿಲ್ಲ. ಮೇಷ್ಟ್ರಿಗಿನ್ನು ಇದು ಆಗಲ್ಲ ಬಿಡಿ, ಅವರ ಕಾಲು ಉದ್ದ."

ಹೇಮಶ್ರೀ ಪೈಪಿನ ಆ ಉಬ್ಬನ್ನು ಮತ್ತೊಮ್ಮೆ ಮುಟ್ಟಿ ನೋಡಿದಳು.

ಎರಡು ವರ್ಷ ತನಗಾಗಿ ಕಟ್ಟಿಕೊಂಡದ್ದನ್ನು ಅವನು ಅವಳ ಸೊಂಟಕ್ಕಾಗಿ ಕಡಿಸಿಬಿಟ್ಟಿದ್ದ!

ಆದರೂ ಸಿಟ್ಟು ಇಳಿಯಲಿಲ್ಲ. ಸುಳ್ಳು ಸುಳ್ಳೇ ಅಲ್ಲವೇ?

ಶನಿವಾರ ಮಧ್ಯಾಹ್ನ, ಸ್ಕೂಲು ಬಿಟ್ಟು ಆವರಣ ಖಾಲಿಯಾದ ಮೇಲೆ ಸುಶ್ರುತ ಹೊರಗೆ ಬಂದ. ಗೇಟಿನ ಎದುರಿನ ಮರದಡಿ ಹೇಮಶ್ರೀ ಹೆಲ್ಮೆಟ್ ತೆಗೆಯುತ್ತಿದ್ದಳು. ಪಕ್ಕದಲ್ಲಿ ಸೈಕಲ್ಲು.

"ಟ್ರಾಫಿಕ್‌ನಲ್ಲಿ ಓಡಿಸಿಕೊಂಡು ಬಂದ್ರಾ?"

"ನನ್ನ ಪ್ರಶ್ನೆಗೆ ಮೊದಲು ಉತ್ತರ ಕೊಡಿ. ಯಾಕೆ ಸುಳ್ಳು ಹೇಳಿದ್ರಿ?"

"ಕಟ್ಟಿದವನಿಗೇ ಓಡಿಸೋಕೆ ಬರಲ್ಲ ಅಂತ ಹೇಳೋಕೆ ನಾಚಿಕೆ ಆಯ್ತು. ಈಗಲೂ ಅದರ ಮೇಲೆ ಕೂರೋಕೆ ಭಯ."

"ಮತ್ತೆ ನನಗೆ ಹೇಗೆ ಹೇಳಿಕೊಟ್ರಿ?"

"ಓದಿ. ವಿಡಿಯೋ ನೋಡಿ. ವಾರವೆಲ್ಲ ನಾನು ಓದೋದು, ಭಾನುವಾರ ನಿಮಗೆ ಹೇಳೋದು."

"ಬೆನ್ನು ಕೆಟ್ಟಿರೋಳನ್ನ, ನಿಮಗೇ ಬರದೇ ಇರೋ ಸೈಕಲ್ ಮೇಲೆ ಕೂರಿಸಿದ್ರಿ."

"ತಪ್ಪು. ಅದಕ್ಕೇ ಪಕ್ಕದಲ್ಲಿ ಓಡ್ತಿದ್ದೆ. ಆದ್ರೂ ತಪ್ಪೇ."

ಅವನು ಸಮಜಾಯಿಷಿ ಹುಡುಕಲಿಲ್ಲ. ಅದೇ ಅವಳನ್ನು ತಡೆದು ನಿಲ್ಲಿಸಿತು.

"ಪೈಪ್ ಕಡಿಸೋ ಮುಂಚೆ ನನ್ನ ಕೇಳಬಹುದಿತ್ತಲ್ಲ."

"ಕೇಳಿದ್ರೆ ಏನಂತಿದ್ರಿ?"

"ಕಾಲು ಸಿಗ್ತಿದೆ, ನೋವಿಲ್ಲ... ಅಂತಿದ್ದೆ."

ಹೇಳಿದ ಮೇಲೆ ಅವಳಿಗೇ ಕೇಳಿಸಿತು. ಸುಳ್ಳು ಹೇಳಿದವನು ಅವನೊಬ್ಬನೇ ಅಲ್ಲ.

"ಮೇಡಂ, ಇನ್ನೊಂದು ವಿಷಯ," ಎಂದ ಸುಶ್ರುತ. ಧ್ವನಿ ತಗ್ಗಿತ್ತು. "ಮೊದಮೊದಲು ಸೈಕಲ್ ಓಡೋದನ್ನ ನೋಡಬೇಕು ಅಂತಾನೇ ಬರ್ತಿದ್ದೆ. ಈಗ ಹಾಗಿಲ್ಲ. ನೀವು ಅದನ್ನ ಬೇರೆಯವರಿಗೆ ಕೊಟ್ಟುಬಿಟ್ರೂ ಭಾನುವಾರ ಕೆರೆ ಹತ್ರ ಬರ್ತೀನಿ. ನೀವು ಇರ್ತೀರ ಅಂದ್ರೆ."



"ನನ್ನ ಬೆನ್ನು ಪೂರ್ತಿ ಸರಿಯಾಗಲ್ಲ. ಯಾವತ್ತಾದ್ರೂ ತಿಂಗಳುಗಟ್ಟಲೆ ಮಲಗಿಸಬಹುದು. ಬೇಕಿದ್ರೆ ರಿಪೋರ್ಟ್ ಕೊಡ್ತೀನಿ, ಯಾರ ಹತ್ರ ಬೇಕಾದ್ರೂ ಕೇಳಿ."

"ರಿಪೋರ್ಟ್ ಬೇಡ. ನೋವಾದ ದಿನ ನೋವು ಅಂತ ಹೇಳಿ, ಸಾಕು. ಮುಖ ನೋಡಿ ಊಹೆ ಮಾಡೋದು ಕಷ್ಟ."

ಹೇಮಶ್ರೀ ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಎಲ್ಲಾದರೂ ಒಂದು ಬಿರುಕು ಸಿಗುತ್ತದೆಯೇ ಎಂದು ಹುಡುಕಿದಳು. ಸಿಗಲಿಲ್ಲ.

"ಈಗ ನೋಯ್ತಿದೆ," ಎಂದಳು ಮೆಲ್ಲಗೆ.

ಎರಡು ವರ್ಷದಲ್ಲಿ ಡಾಕ್ಟರನ್ನು ಬಿಟ್ಟು ಬೇರೊಬ್ಬರಿಗೆ ಅವಳು ಈ ಮಾತು ಹೇಳಿದ್ದು ಅದೇ ಮೊದಲು.

"ಎಲ್ಲಿ?"

"ಎಡಗಡೆ. ಸೊಂಟದ ಹತ್ರ."

"ಹಾಗಾದ್ರೆ ನಿಧಾನಕ್ಕೆ ನಡೆದುಕೊಂಡು ಹೋಗೋಣ. ಸೈಕಲ್ ನಾನು ತಳ್ತೀನಿ."

"ಯಡಿಯೂರಿನವರೆಗೂನಾ? ಮನೇಲಿ ಅಪ್ಪ ಇದಾರೆ. ಸಾವಿರ ಪ್ರಶ್ನೆ ಕೇಳ್ತಾರೆ."

"ಕೇಳಲಿ. ಇರೋದನ್ನ ಇದ್ದ ಹಾಗೆ ಹೇಳ್ತೀನಿ."

"ಎಲ್ಲಾನೂ?"

"ಎಲ್ಲಾನೂ... ಹೇಮಾ."

ಅವಳು ಹೆಲ್ಮೆಟ್ಟನ್ನು ಅವನ ಕೈಗೆ ಕೊಟ್ಟು, ಅವನ ಪಕ್ಕದಲ್ಲಿ ಹೆಜ್ಜೆ ಹಾಕಿದಳು.