ಟವೆಲಿನ ಕೆಳಗಿನ ಕೈ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ಎಪ್ಪತ್ತೆಂಟರಲ್ಲಿ ಯಲಹಂಕದ ದನದ ಸಂತೆಯಲ್ಲಿ, ಮಟಮಟ ಮಧ್ಯಾಹ್ನ ನಡೆದದ್ದು. ನಮ್ಮ ಯಜಮಾನರು ಪಿಳ್ಳಪ್ಪನವರು ತೀರಿಕೊಂಡ ವರ್ಷ. ಬಾವಿ ತೋಡಿಸಲು ಜೋಡೆತ್ತು ಮಾರಲೇಬೇಕಿತ್ತು.

ಸಂತೆಯಲ್ಲಿ ಎತ್ತಿನ ಬೆಲೆಯನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕೈ ಮೇಲೆ ಟವೆಲ್ ಮುಚ್ಚಿ, ಒಳಗೆ ಒಬ್ಬರ ಬೆರಳನ್ನೊಬ್ಬರು ಹಿಡಿದು ತಿಳಿಸುತ್ತಾರೆ. ಅದು ಗಂಡಸರ ಭಾಷೆ.

ವ್ಯಾಪಾರಿ ಚಿಕ್ಕಬೈರಪ್ಪ ನಕ್ಕ. “ಇದೆಲ್ಲ ನಿಂಗ್ ತಿಳಿಯಾಕಿಲ್ಲ ಕೃಷ್ಣಮ್ಮ. ನಾನ್ ಕೊಟ್ಟಷ್ಟು ಇಸ್ಕೊಂಡು ಓಗು.”

ನನಗೆ ರೇಗಿತು. “ಆಕಪ್ಪ ಟವೆಲ್ನ, ನೋಡೇಬಿಡಾನ” ಎಂದು ಕೈ ತೂರಿಸಿದೆ.

ನೆತ್ತಿ ಸುಡುವ ಬಿಸಿಲು. ಟವೆಲಿನೊಳಗೆ ಮಾತ್ರ ಬಾವಿಯ ತಳದಂಥ ತಂಪು. ನಮ್ಮ ಎಡಗಡೆಯ ಎತ್ತು ಕತ್ತು ಚಾಚಿ ಟವೆಲನ್ನು ನೆಕ್ಕತೊಡಗಿತು. ಅದು ಹಾಗೆ ನೆಕ್ಕುತ್ತಿದ್ದದ್ದು ಯಜಮಾನರ ಕೈಯನ್ನು ಮಾತ್ರ. ಚಿಕ್ಕಬೈರಪ್ಪನ ನಗು ನಿಂತಿತು.

“ಆಯ್ತು ಬಿಡಣ್ಣೋ, ನೀನ್ ಯೋಳಿದ್ದೇ ಬೆಲೆ!” ಎಂದು ಚೀರಿ, ಟವೆಲ್ ಕಿತ್ತೆಸೆದು ನನ್ನ ತೋರುಬೆರಳನ್ನೇ ದಿಟ್ಟಿಸಿದ. “ಪೂರ್ತಿ ಐತಲ್ಲಮ್ಮ! ಒಳಗೆ ಮೊಂಡಾಗಿತ್ತು!”

ಮೇವು ಕತ್ತರಿಸುವಾಗ ಅರ್ಧ ತೋರುಬೆರಳು ಕಳೆದುಕೊಂಡಿದ್ದವರು ನಮ್ಮ ಯಜಮಾನರು.

ನಾನು ಮನಸ್ಸಿನಲ್ಲಿಟ್ಟುಕೊಂಡಿದ್ದಕ್ಕಿಂತ ಹೆಚ್ಚೇ ಕೊಟ್ಟ. ಸಂತೆಗೆ ಸಂತೆಯೇ ನನಗೆ ದಾರಿ ಬಿಟ್ಟಿತು. ಸೆರಗು ಸೊಂಟಕ್ಕೆ ಸಿಕ್ಕಿಸಿ, ತಲೆಯೆತ್ತಿ ಗಂಡಸರ ನಡುವೆಯೇ ನಡೆದುಬಂದೆ.

ಒಂದು ಮಾತನ್ನು ಮಾತ್ರ ಇದುವರೆಗೆ ಯಾರಿಗೂ ಹೇಳಿಲ್ಲ. ಟವೆಲಿನ ಕೆಳಗೆ ಕೈಯಿಟ್ಟವಳೇ ಹೆದರಿ ಮುಷ್ಟಿ ಬಿಗಿದುಬಿಟ್ಟಿದ್ದೆ. ಚಿಕ್ಕಬೈರಪ್ಪನ ಕೈ ನನಗೆ ತಾಗಲೇ ಇಲ್ಲ.